ಮನೆಯಲ್ಲೇ ಕಟ್ಟಿದ ಕಂಟ್ರೋಲರಿನ ಕೈಗೆ ಹೀಟರ್ ಕೊಡುವ ಮುಂಚೆ ಇದನ್ನು ಓದಿ

ಉಪ್ಪುನೀರಿನ ತೊಟ್ಟಿ ಇಟ್ಟವರು, ಅದಕ್ಕೆ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಹಾಕಿ ಸ್ವಂತ ಕಂಟ್ರೋಲರ್ ಮಾಡಬೇಕು ಅಂತ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಆಟಿಯಲ್ಲಿ (ಜುಲೈ ಆಗಸ್ಟ್ ಹೊತ್ತಿನ ಮಳೆ ತಿಂಗಳು) ಒಂದೇ ರಾತ್ರಿಗೆ ನನ್ನ ತೊಟ್ಟಿಯ ನೀರು 25 ಡಿಗ್ರಿಯಿಂದ 33ಕ್ಕೆ ಏರಿತು. ಮೂರು ವರ್ಷ ಸಾಕಿದ ಜೀವಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದವು. ಬೆಳಿಗ್ಗೆ ಗಾಬರಿಯಲ್ಲಿ ನಾನು ಮಾಡಿದ ಕೆಲಸಕ್ಕೆ ನನ್ನ ಜೀವವೂ ಹೋಗಬಹುದಿತ್ತು. ಕಂಟ್ರೋಲರ್ ಕೆಟ್ಟಿರಲಿಲ್ಲ. ನಾನು ಏನು ಬರೆದುಕೊಟ್ಟಿದ್ದೆನೋ ಅದನ್ನೇ ಚಾಚೂ ತಪ್ಪದೆ ಮಾಡಿತ್ತು.

ನಮ್ಮ ಮನೆ ಕುಂಬಳೆಯ ಹತ್ತಿರ, ಕಡಲಿನಿಂದ ಸ್ವಲ್ಪ ಒಳಗೆ. ಚಾವಡಿಯಲ್ಲಿ 160 ಲೀಟರಿನ ಗಾಜಿನ ತೊಟ್ಟಿ, ಅದರ ಕೆಳಗೆ ಕಪಾಟಿನಲ್ಲಿ 40 ಲೀಟರಿನ ಸಂಪು, ಅಂದರೆ ತೊಟ್ಟಿಯ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೆ ಹೋಗುವ ಎರಡನೆಯ ತೊಟ್ಟಿ. ಗಟ್ಟಿ ಹವಳಗಳನ್ನು ನಾನು ಇಟ್ಟಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಡಲಿನಿಂದ ಹವಳದ ಕಲ್ಲು ತಂದು ಹಾಕುವವರೂ ಇದನ್ನು ನೆನಪಿಟ್ಟುಕೊಳ್ಳಿ. ನನ್ನದು ಸೆರಾಮಿಕ್ ಕಲ್ಲು. ಅದರ ಮೇಲೆ ಒಂದಷ್ಟು ಮೆತ್ತನೆಯ ಹವಳಗಳು: ಅಣಬೆಯ ಹಾಗಿರುವವು, ಅಂಗಿಯ ಗುಂಡಿಯಷ್ಟೇ ಹೂವಿನ ಹಾಗೆ ಅರಳುವ ಝೊಯಾಂಥಿಡ್, ಕೈ ಮುಚ್ಚಿ ತೆರೆಯುವ ಹಾಗೆ ಮಿಡಿಯುವ ಝೀನಿಯಾ. ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸಿಗಡಿ, ಹತ್ತೋ ಹನ್ನೆರಡೋ ಬಸವನಹುಳು. ನೀರು ಕೂಡ ಕಡಲಿನದ್ದಲ್ಲ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪಿನ ಮಿಶ್ರಣ ಹಾಕಿ ಮಾಡಿದ್ದು.

ಇಂಥ ತೊಟ್ಟಿಗೆ 25ರಿಂದ 27 ಡಿಗ್ರಿ ಬೇಕು. ನಮ್ಮ ಊರಿನ ಏಪ್ರಿಲ್ ಮೇ ಸೆಕೆಯಲ್ಲಿ ನೀರು ಸುಮ್ನೆ ಬಿಟ್ಟರೆ 31 ದಾಟುತ್ತದೆ. ನೀರು ತಣಿಸುವ ಚಿಲ್ಲರ್ ಯಂತ್ರಕ್ಕೆ ಕೊಡುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಅದಕ್ಕೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನುಗಳನ್ನು ನೀರಿನ ಮೇಲೆ ಬೀಸುವಂತೆ ಕಟ್ಟಿದೆ. ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹೋದಷ್ಟು ಸಿಹಿನೀರು ವಾಪಸು ಹಾಕಲೇಬೇಕು. ಮಳೆಗಾಲದಲ್ಲಿ ಇದು ಉಲ್ಟಾ. ಆಟಿಯ ರಾತ್ರಿಗಳಲ್ಲಿ ನೀರು 24ರ ಕೆಳಗೆ ಹೋಗುತ್ತದೆ, ಹೀಟರ್ ಬೇಕಾಗುತ್ತದೆ. ನಾನು ಬೆಳಿಗ್ಗೆ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಇದನ್ನೆಲ್ಲ ನೋಡಿಕೊಳ್ಳಲು ಒಂದು ಪೆಟ್ಟಿಗೆ ಇದ್ದರೆ ಒಳ್ಳೆಯದು ಅಂತ ಶುರುವಾಯಿತು.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. ಒಂದು ಆರ್ಡುಯಿನೋ ಊನೋ. ನಾಲ್ಕು ರಿಲೇ (ಆರ್ಡುಯಿನೋ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್ಚು) ಇರುವ ನೀಲಿ ಡಬ್ಬಿಗಳ ಬೋರ್ಡು: ಹೀಟರಿಗೆ ಒಂದು, ಫ್ಯಾನಿಗೆ ಒಂದು, ಸಂಪಿನ ಪಂಪಿಗೆ ಒಂದು, ಸಿಹಿನೀರು ಹಾಕುವ ಸಣ್ಣ ಪಂಪಿಗೆ ಒಂದು. ನೀರಿನ ಬಿಸಿ ಅಳೆಯಲು ಸ್ಟೀಲ್ ತುದಿಯ ಡಿಎಸ್18ಬಿ20 ಸೆನ್ಸರ್. ನೀರು ಇಳಿದರೆ ತಿಳಿಯಲು ಒಂದು ಫ್ಲೋಟ್ ಸ್ವಿಚ್ಚು. 29 ಡಿಗ್ರಿ ದಾಟಿದರೆ ಕೂಗಲು ಒಂದು ಬಝರ್.

ಮೊದಲ ತೊಂದರೆ ಏಪ್ರಿಲಿನಲ್ಲೇ ಬಂತು. ಫ್ಯಾನಿನ ರಿಲೇ ಟಕ್ ಅಂದಾಗಲೆಲ್ಲ ಪರದೆಯಲ್ಲಿ 85 ಡಿಗ್ರಿ ಅಂತ ಬರುತ್ತಿತ್ತು, ಬಝರ್ ಕೂಗುತ್ತಿತ್ತು. 85 ಅನ್ನುವುದು ಈ ಸೆನ್ಸರ್ ಆಗಷ್ಟೇ ಎದ್ದಾಗ ಹೇಳುವ ಅಂಕೆ. ಇನ್ನೂ ಅಳೆದಿಲ್ಲ ಅಂತ ಅದರ ಅರ್ಥ. ಅಂದರೆ ಪ್ರತಿ ಸಲ ರಿಲೇ ಬಿದ್ದಾಗ ಸೆನ್ಸರಿಗೆ ಕರೆಂಟು ತಪ್ಪಿ, ಅದು ಸತ್ತು ಹುಟ್ಟುತ್ತಿತ್ತು. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ಫ್ಯಾನಿನ 12 ವೋಲ್ಟ್ ಅಡಾಪ್ಟರಿನಿಂದಲೇ ಆರ್ಡುಯಿನೋಗೂ ಕರೆಂಟು ಕೊಟ್ಟಿದ್ದೆ, ಆರ್ಡುಯಿನೋದ 5 ವೋಲ್ಟಿನಿಂದ ರಿಲೇಗಳಿಗೆ. ಒಂದೊಂದು ರಿಲೇ ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಆನ್ ಆದರೆ 280. ಬೋರ್ಡಿನ ಮೇಲಿರುವ ಪುಟ್ಟ ರೆಗ್ಯುಲೇಟರ್ 12ನ್ನು 5ಕ್ಕೆ ಇಳಿಸುವಾಗ ಉಳಿದ 7 ವೋಲ್ಟನ್ನು ಬಿಸಿಯಾಗಿ ಸುಡುತ್ತದೆ. ಹತ್ತಿರ ಹತ್ತಿರ 2 ವ್ಯಾಟ್, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪಿನಲ್ಲಿ. ಮುಟ್ಟಿದರೆ ಬೆರಳು ಸುಡುತ್ತಿತ್ತು. ರಿಲೇಗಳಿಗೆ ಬೇರೆಯೇ 5 ವೋಲ್ಟ್ ಸಪ್ಲೈ ಕೊಟ್ಟು, ರಿಲೇ ಬೋರ್ಡಿನಲ್ಲಿ ಎರಡೂ ಸಪ್ಲೈಗಳನ್ನು ಕೂಡಿಸುವ ಜಂಪರ್ ತೆಗೆದು, ಸೆನ್ಸರಿನ ಪಕ್ಕ ಒಂದು ಸಣ್ಣ ಕೆಪಾಸಿಟರ್ ಹಾಕಿದ ಮೇಲೆ ಆ ಕಾಟ ನಿಂತಿತು.

ಜೊತೆಗೆ ಪ್ರೋಗ್ರಾಮಿನಲ್ಲೂ ಒಂದು ಸಾಲು ಸೇರಿಸಿದೆ: 85 ಬಂದರೆ ಲೆಕ್ಕಕ್ಕೆ ಹಿಡಿಯಬೇಡ. ಆಗಲೇ ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಸೆನ್ಸರ್ ಇನ್ನೇನೇನು ಸುಳ್ಳು ಹೇಳಬಹುದು? ಕೇಳಲಿಲ್ಲ. ಆಮೇಲೆ ಮೂರು ತಿಂಗಳು ಎಲ್ಲ ಸರಿ ನಡೆಯಿತು, ನನಗೆ ಪೆಟ್ಟಿಗೆಯ ಮೇಲೆ ಪೂರ್ತಿ ನಂಬಿಕೆ ಬಂತು.

ಆ ದಿನ ರಾತ್ರಿ ಹತ್ತು ಗಂಟೆಗೆ ನೋಡಿದಾಗ ಪರದೆಯಲ್ಲಿ 25.2 ಇತ್ತು. ಹೊರಗೆ ಜೋರು ಮಳೆ. ಮಲಗಿದೆ. ಬೆಳಿಗ್ಗೆ ಆರೂಕಾಲಿಗೆ ಅಮ್ಮ ಎಬ್ಬಿಸಿದರು. "ಮಗಾ, ಒಮ್ಮೆ ಎದ್ದು ಬಾ. ಮೀನು ಎರಡೂ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಉಂಟು. ಇದೆಂತ?"

ಹೋಗಿ ನೋಡಿದರೆ ತೊಟ್ಟಿಯ ಮುಚ್ಚಳದ ಒಳಗೆಲ್ಲ ನೀರಿನ ಹನಿ ಕಟ್ಟಿತ್ತು, ಅನ್ನದ ಪಾತ್ರೆಯ ಮುಚ್ಚಳದ ಹಾಗೆ. ಝೀನಿಯಾ ಕಲ್ಲಿನಿಂದ ಜಾರಿ ಬೂದು ಬಣ್ಣದ ಲೋಳೆಯಾಗಿ ಮೂಲೆಯಲ್ಲಿ ಬಿದ್ದಿತ್ತು. ಒಂದು ಸಿಗಡಿ ಮಗ್ಗುಲಾಗಿ ಬಿದ್ದಿತ್ತು, ಕೆಂಪು ಪಟ್ಟೆ ಮಾಸಿ ಬೆಂದ ಸಿಗಡಿಯ ಬಣ್ಣ ಬಂದಿತ್ತು. ಗಾಜಿನ ಥರ್ಮಾಮೀಟರ್ 33 ತೋರಿಸುತ್ತಿತ್ತು. ಪೆಟ್ಟಿಗೆಯ ಪರದೆ ನೋಡಿದೆ. ಮೈನಸ್ 127.

ಇನ್ನು ಮುಂದಿನ ಮಾತನ್ನು ಪ್ರತಿಯೊಬ್ಬರೂ ಗಮನವಿಟ್ಟು ಓದಬೇಕು. ಪ್ಲಗ್ ಕೀಳಬೇಕು ಅಂತ ನನಗೆ ಹೊಳೆಯಲಿಲ್ಲ. ಸಂಪಿನೊಳಗೆ ಕೈ ಹಾಕಿ, ಉರಿಯುತ್ತಿದ್ದ ಹೀಟರನ್ನೇ ಮೇಲೆ ಎಳೆದೆ. ನೀರಿನಿಂದ ಹೊರಗೆ ಬಂದ ಹೀಟರಿನ ಗಾಜು ಕೆಲವೇ ಸೆಕೆಂಡಿನಲ್ಲಿ ಸುಡುವಷ್ಟು ಕಾಯುತ್ತದೆ. ಬಿಸಿ ತಾಗಿ ಕೈ ಬಿಟ್ಟೆ, ಅದು ಮತ್ತೆ ನೀರಿಗೆ ಬಿತ್ತು, ಠಳ್ ಅಂತ ಸೀಳಿತು. ಅದೇ ಹೊತ್ತಿಗೆ ಮನೆಯ ಕರೆಂಟು ಪೂರ್ತಿ ಹೋಯಿತು. ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಇಎಲ್‌ಸಿಬಿ, ಬಿದ್ದಿತ್ತು. ನನ್ನ ಎಡಗೈ ಆಗ ಸಂಪಿನ ನೀರಿನಲ್ಲೇ ಇತ್ತು. 230 ವೋಲ್ಟಿನ ಕಾಯಿಲ್ ಉಪ್ಪುನೀರಿಗೆ ತೆರೆದುಕೊಂಡಿತ್ತು. 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಆ ಸ್ವಿಚ್ಚು ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಮನೆಯ ವಯರಿಂಗ್ ಮಾಡಿದವರು ಬಂದು ಎಲ್ಲ ನೋಡಿದರು. "ಮೊದಲು ಮೈನ್ ಆಫ್ ಮಾಡ್ಬೇಕು ಮಾರಾಯ್ರೇ, ಮೀನು ಆಮೇಲೆ" ಅಂದರು. ಅವರ ಮುಖ ಬಿಳುಚಿತ್ತು.

ಸಂಜೆ ಕಾರಣ ಹುಡುಕಿದೆ. ಸೆನ್ಸರಿನ ವಯರ್ ಒಂದು ಮೀಟರ್ ಮಾತ್ರ ಇದ್ದದ್ದಕ್ಕೆ ಬೇರೆ ವಯರ್ ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿ ಉದ್ದ ಮಾಡಿದ್ದೆ. ಆ ಜೋಡಣೆ ಸರಿಯಾಗಿ ಸಂಪಿನ ಮೇಲೆಯೇ ಬಂದಿತ್ತು. ಉಪ್ಪುನೀರು ಸಿಡಿದು ಒಣಗಿ, ಅದರ ಮೇಲೆ ಮತ್ತೆ ಸಿಡಿದು, ಹರಳು ಹರಳಾಗಿ ವಯರಿನ ಗುಂಟ ಮೇಲಕ್ಕೆ ತೆವಳುತ್ತದೆ. ಟೇಪ್ ಬಿಚ್ಚಿದೆ. ಒಳಗೆ ತಾಮ್ರವೇ ಇರಲಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಬರುತ್ತದಲ್ವಾ, ಅಂಥ ಹಸಿರು ಕಿಲುಬು. ಉಗುರಿನಿಂದ ಮುಟ್ಟಿದರೆ ಪುಡಿಯಾಗಿ ಉದುರಿತು. ಆ ಕಿಲುಬು ಎಷ್ಟು ದಿನದಿಂದ ಸಂಪಿಗೆ ತೊಟ್ಟಿಕ್ಕುತ್ತಿತ್ತೋ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಸ್ವಲ್ಪ ಇದ್ದರೂ ವಿಷ.

ವಯರ್ ತುಂಡಾದಾಗ ಸೆನ್ಸರ್ ಓದಲು ನಾವು ಬಳಸುವ ಸಿದ್ಧ ಪ್ರೋಗ್ರಾಂ (ಲೈಬ್ರರಿ) ಮೈನಸ್ 127 ಅಂತ ಕೊಡುತ್ತದೆ. ಸೆನ್ಸರ್ ಸಿಗುತ್ತಿಲ್ಲ ಅಂತ ಹೇಳಲು ಇಟ್ಟ ಅಂಕೆ ಅದು. ಈ ಸೆನ್ಸರ್ ಅಳೆಯುವುದೇ ಮೈನಸ್ 55ರಿಂದ 125ರ ತನಕ. ನನ್ನ ಪ್ರೋಗ್ರಾಮಿಗೆ ಅದು ಬರೀ ಒಂದು ಅಂಕೆ. 25ಕ್ಕಿಂತ ಕಡಿಮೆಯಾ? ಹೌದು. ಹಾಗಾದರೆ ಹೀಟರ್ ಹಾಕು. 27ಕ್ಕಿಂತ ಜಾಸ್ತಿಯಾ? ಅಲ್ಲ. ಹಾಗಾದರೆ ಫ್ಯಾನ್ ಬೇಡ. 29 ದಾಟಿತಾ? ಇಲ್ಲ. ಹಾಗಾದರೆ ಬಝರ್ ಬೇಡ. ರಾತ್ರಿಯಿಡೀ ಸೆಕೆಂಡಿಗೊಮ್ಮೆ ಇದೇ ಪ್ರಶ್ನೆ, ಇದೇ ಉತ್ತರ.

ಹೀಟರಿನಲ್ಲೇ ಒಂದು ಥರ್ಮೋಸ್ಟಾಟ್ ಇರುತ್ತದಲ್ವಾ, ಅದು ಯಾಕೆ ನಿಲ್ಲಿಸಲಿಲ್ಲ ಅಂತ ನೀವು ಕೇಳಬಹುದು. ಅದನ್ನು ನಾನೇ ಕೊನೆಯ 34ಕ್ಕೆ ತಿರುಗಿಸಿಟ್ಟಿದ್ದೆ. ಕಂಟ್ರೋಲರ್ ನೋಡಿಕೊಳ್ಳುತ್ತದೆ, ಇದು ಅದಕ್ಕೆ ಅಡ್ಡ ಬರಬಾರದು ಅಂತ. ಇದೇ ನನ್ನ ಅತಿ ದೊಡ್ಡ ತಪ್ಪು. ಆಮೇಲೆ ಮಾತಾಡಿಸಿದ ಎಷ್ಟೋ ಜನ ಹೀಗೇ ಇಟ್ಟಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಂಟ್ರೋಲರ್ 25.5ಕ್ಕೆ ನಿಲ್ಲಿಸುವುದಾದರೆ ಹೀಟರಿನ ಗುಂಡಿ 26ರಲ್ಲಿ ಇರಲಿ. ಸೆನ್ಸರ್ ಸತ್ತರೂ, ರಿಲೇಯ ಒಳಗಿನ ಸಂಪರ್ಕ ಅಂಟಿಕೊಂಡು ಬಿಡದಿದ್ದರೂ ಆಗ 26ಕ್ಕೆ ನಿಲ್ಲುತ್ತದೆ.

ಇನ್ನೊಂದು, ಹೀಟರಿನ ಗಾತ್ರ. ದೊಡ್ಡದಿದ್ದರೆ ಬೇಗ ಬಿಸಿಯಾಗುತ್ತದೆ ಅಂತ 300 ವ್ಯಾಟಿನದು ತಂದಿದ್ದೆ. 200 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 0.23 ಯೂನಿಟ್ ಕರೆಂಟು ಸಾಕು. 300 ವ್ಯಾಟ್ ಗಂಟೆಗೆ 0.3 ಯೂನಿಟ್ ಕೊಡುತ್ತದೆ. ಅಂದರೆ ಗಂಟೆಗೆ ಒಂದೂಕಾಲು ಡಿಗ್ರಿಗಿಂತ ಜಾಸ್ತಿ. ಎಂಟು ಗಂಟೆಗೆ ಹತ್ತು ಡಿಗ್ರಿ ಏರಬೇಕಿತ್ತು, ಗಾಜಿನಿಂದ ಸ್ವಲ್ಪ ಹೊರಗೆ ಹೋಗಿ ಎಂಟಕ್ಕೆ ನಿಂತಿತು. 100 ವ್ಯಾಟಿನದು ಇದ್ದಿದ್ದರೆ ಅದೇ ರಾತ್ರಿ ಎರಡು ಮೂರು ಡಿಗ್ರಿ ಏರುತ್ತಿತ್ತು ಅಷ್ಟೆ, ಬಹುಶಃ ಎಲ್ಲವೂ ಬದುಕುತ್ತಿದ್ದವು. ನಮ್ಮ ಕರಾವಳಿಯ ಮಳೆಗಾಲಕ್ಕೆ ಅದು ಧಾರಾಳ ಸಾಕು.

ಎರಡನೆಯ ಸಿಗಡಿ ಆ ಮಧ್ಯಾಹ್ನ ಹೋಯಿತು. ಬಸವನಹುಳು ಒಂದೂ ಉಳಿಯಲಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಆಗುತ್ತದೆ, ಸತ್ತವು ಕೊಳೆತು ಅಮೋನಿಯಾ ಬರುತ್ತದೆ, ಎರಡೂ ಒಟ್ಟಿಗೆ ಬಂದವು. ಮೂರು ದಿನ ದಿನಕ್ಕೆ 40 ಲೀಟರ್ ನೀರು ಬದಲಿಸಿದೆ. ಅಣಬೆ ಹವಳಗಳು ಹಾಲಿನ ಬಣ್ಣಕ್ಕೆ ತಿರುಗಿದವು. ಅವುಗಳ ಮೈಯೊಳಗೆ ಇದ್ದು ಅನ್ನ ಮಾಡಿಕೊಡುವ ಪಾಚಿ ಬಿಸಿಗೆ ಹೊರಗೆ ಹೋಗುತ್ತದೆ, ಆಗ ಹೀಗೆ ಬಿಳುಚುತ್ತವೆ. 2024ರಲ್ಲಿ ನಮ್ಮ ಎದುರಿಗೇ ಇರುವ ಲಕ್ಷದ್ವೀಪದ ಹವಳಗಳಿಗೂ ಕಡಲು ಬಿಸಿಯಾಗಿ ಇದೇ ಆಯಿತು. ಅದನ್ನು ಓದಿ ಬೇಸರ ಪಟ್ಟಿದ್ದವನು ನಾನು. ನನ್ನ ಚಾವಡಿಯಲ್ಲಿ ಅದನ್ನೇ ನನ್ನ ಕೈಯಾರೆ ಮಾಡಿದೆ. ಕ್ಲೌನ್ ಜೋಡಿ ಉಳಿಯಿತು. ಅಣಬೆಗಳಲ್ಲಿ ಮೂರಕ್ಕೆ ನಿಧಾನವಾಗಿ ಕಂದು ಬಣ್ಣ ವಾಪಸು ಬಂತು.

ಕಂಟ್ರೋಲರನ್ನು ನಾನು ಬಿಟ್ಟಿಲ್ಲ, ಮತ್ತೆ ಕಟ್ಟಿದ್ದೇನೆ. ಈಗ ಸೆನ್ಸರ್ ಎರಡು ಇವೆ, ಒಂದು ತೊಟ್ಟಿಯಲ್ಲಿ, ಒಂದು ಸಂಪಿನಲ್ಲಿ. ಯಾವುದಾದರೂ 15ರ ಕೆಳಗೆ ಅಥವಾ 40ರ ಮೇಲೆ ಹೇಳಿದರೆ, ಇಲ್ಲವೇ ಎರಡರ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಹೀಟರ್ ಆಫ್, ಬಝರ್ ಆನ್. ನಮ್ಮ ಊರಿನಲ್ಲಿ ಒಂದು ರಾತ್ರಿ ಹೀಟರ್ ಇಲ್ಲದಿದ್ದರೆ ಯಾವ ಮೀನೂ ಸಾಯುವುದಿಲ್ಲ. ಸಂಪಿನ ಪಂಪು ಮಾತ್ರ ಇದಕ್ಕೆ ಉಲ್ಟಾ. ರಿಲೇಗೆ ಕರೆಂಟು ಇಲ್ಲದಿದ್ದಾಗಲೂ ಕೂಡಿಕೊಂಡೇ ಇರುವ ಕಾಲಿಗೆ ಅದನ್ನು ಹಾಕಿದ್ದೇನೆ, ಪೆಟ್ಟಿಗೆ ಸತ್ತರೂ ನೀರು ತಿರುಗುತ್ತಿರುತ್ತದೆ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡರೆ 8 ಸೆಕೆಂಡಿನಲ್ಲಿ ತಾನಾಗಿ ರೀಸೆಟ್ ಆಗುವಂತೆ ವಾಚ್‌ಡಾಗ್ ಹಾಕಿದ್ದೇನೆ. ಸೆನ್ಸರ್ ವಯರಿನಲ್ಲಿ ಒಂದೂ ಜೋಡಣೆ ಇಲ್ಲ, ಮೂರು ಮೀಟರಿನದೇ ತಂದೆ. ಪ್ರತಿ ವಯರೂ ಪ್ಲಗ್ಗಿಗಿಂತ ಕೆಳಗೆ ಇಳಿದು ಆಮೇಲೆ ಮೇಲಕ್ಕೆ ಹೋಗುತ್ತದೆ, ಹನಿ ಅಲ್ಲೇ ಕೆಳಗೆ ಬೀಳಲಿ ಅಂತ. ತಿಂಗಳಿಗೊಮ್ಮೆ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುತ್ತೇನೆ.

ನಿಮ್ಮ ಮನೆಯಲ್ಲಿ ಇಂಥ ಪೆಟ್ಟಿಗೆ ಈಗಾಗಲೇ ಓಡುತ್ತಿದ್ದರೆ ಒಂದು ಕೆಲಸ ಮಾಡಿ. ಇವತ್ತು ಸಂಜೆಯೇ, ನೀವು ಎದುರಿಗೆ ನಿಂತಿರುವಾಗ, ಸೆನ್ಸರಿನ ವಯರನ್ನು ಪೆಟ್ಟಿಗೆಯಿಂದ ಕಿತ್ತು ಐದು ನಿಮಿಷ ಕಾಯಿರಿ. ಹೀಟರಿನ ಕೆಂಪು ದೀಪ ಹತ್ತಿದರೆ ಪ್ಲಗ್ ಕಿತ್ತುಬಿಡಿ. ಪ್ರೋಗ್ರಾಂ ಸರಿಮಾಡುವ ತನಕ ಅದನ್ನು ವಾಪಸು ಸಿಕ್ಕಿಸಬೇಡಿ.