ಸಂಗೀತ ಟೀಚರ್ ಆಗುವ ಕೋರ್ಸ್: ಪಿಯಾನೊ ಜಾಸ್ತಿ, ಮಕ್ಕಳು ಕಡಿಮೆ

ಮೊದಲೇ ಹೇಳಿಬಿಡುತ್ತೇನೆ, ಕೋರ್ಸ್ ಚೆನ್ನಾಗಿದೆ. ಐದಕ್ಕೆ ಮೂರೂವರೆ ಸ್ಟಾರ್. ಆದರೆ ಕಳೆದುಕೊಂಡ ಆ ಒಂದೂವರೆ ಸ್ಟಾರ್ ಸಣ್ಣಪುಟ್ಟ ವಿಷಯಕ್ಕಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಬೇಕು, ಅದರಲ್ಲೂ ಸಂಗೀತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕು ಅನ್ನುವವರಿಗಾಗಿ ಇರುವ ಕಾಲೇಜು ಕೋರ್ಸ್. ನಾನು ಓದಿದ ಕಾಲೇಜಿನ ಹೆಸರು ಬೇಡ ಬಿಡಿ. ಇಂಥ ಕೋರ್ಸುಗಳಲ್ಲಿ ಸಿಗುವ ವಿಷಯಗಳು ಹೆಚ್ಚುಕಮ್ಮಿ ಇವೇ: ಥಿಯರಿ, ಕಿವಿ ತರಬೇತಿ, ಪಿಯಾನೊ, ಹಾಡುಗಾರಿಕೆ, ಸಂಗೀತದ ಇತಿಹಾಸ, ಮಕ್ಕಳ ಮನಸ್ಸಿನ ಬಗ್ಗೆ ಒಂದು ಪೇಪರ್, ಬೋಧನಾ ವಿಧಾನ, ಕೊನೆಗೆ ಶಾಲೆಗೆ ಹೋಗಿ ಪಾಠ ಮಾಡುವುದು. ಯಾವುದಕ್ಕೆ ಎಷ್ಟು ಸಮಯ ಕೊಡುತ್ತಾರೆ, ಯಾವುದು ಮೊದಲು ಬರುತ್ತದೆ ಅನ್ನುವುದರ ಮೇಲೆ ಕೋರ್ಸು ಒಳ್ಳೆಯದೋ ಕೆಟ್ಟದ್ದೋ ನಿಂತಿದೆ.

ಥಿಯರಿಯಿಂದ ಶುರು ಮಾಡುತ್ತಾರೆ. ನಾಲ್ಕು ದನಿಗಳಿಗೆ ಹಾರ್ಮನಿ (ಒಟ್ಟಿಗೆ ಹೊಂದಿ ಕೇಳಿಸುವ ಬೇರೆ ಬೇರೆ ಸ್ವರಗಳು) ಬರೆಯುವುದು, ಎರಡು ದನಿಗಳು ಸಾ-ಪ ಅಂತರ ಬಿಡದೆ ಜೊತೆಜೊತೆಗೇ ಸರಿದರೆ ಅದು ಪ್ಯಾರಲಲ್ ಫಿಫ್ತ್ಸ್, ತಪ್ಪು, ಕೆಂಪು ಪೆನ್ನಿನ ಸುತ್ತು. ಜರ್ಮನಿಯ ಹಳೆಯ ಸಂಗೀತಗಾರ ಬಾಖ್ ಕಾಲದ ಚರ್ಚ್ ಸಂಗೀತದ ನಿಯಮಗಳು ಇವು. ಕಲಿಯಲು ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆರು ವರ್ಷದ ಮಕ್ಕಳ ಮುಂದೆ ನಿಲ್ಲುವವರಿಗೆ ಥಿಯರಿಯಿಂದ ಬೇಕಾಗುವುದು ಬೇರೆ. ಒಂದು ಹಾಡು ಕೈಗೆ ಸಿಕ್ಕರೆ ಅದನ್ನು ಯಾವ ಶ್ರುತಿಗೆ ಏರಿಸಬೇಕು ಅಂತ ತಕ್ಷಣ ತಿಳಿಯಬೇಕು, ಮೂರೇ ಮೂರು ಕಾರ್ಡ್‌ಗಳಲ್ಲಿ (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅದಕ್ಕೆ ಸಾಥ್ ಕೊಡಲು ಬರಬೇಕು. ಸಣ್ಣ ಮಕ್ಕಳಿಗೆ ಹಾಡಲು ಆರಾಮಾಗಿರುವ ಜಾಗ ಪಿಯಾನೊದ ನಡುವಿನ ಸಿ ಸ್ವರ, ಅಂದರೆ ಮಿಡಲ್ ಸಿ, ಅದರ ಪಕ್ಕದ ಡಿ ಇಂದ ಮೇಲಿನ ಎ ಅಥವಾ ಬಿ ತನಕ. ದೊಡ್ಡವರು ಹಾಡು ಎತ್ತಿಕೊಂಡರೆ ಸಾಮಾನ್ಯವಾಗಿ ಇದಕ್ಕಿಂತ ಕೆಳಗೆ ಎತ್ತಿಕೊಳ್ಳುತ್ತಾರೆ, ಮಕ್ಕಳು ಪಾಪ ಅಷ್ಟು ಕೆಳಗೆ ಇಳಿಯಲಾಗದೆ ಮಾತಾಡುವ ದನಿಯಲ್ಲೇ ಗುನುಗುತ್ತಾರೆ, ಆಮೇಲೆ ನಾವು 'ಈ ಮಗುವಿಗೆ ಶ್ರುತಿಯೇ ಇಲ್ಲ' ಅಂತ ತೀರ್ಪು ಕೊಡುತ್ತೇವೆ. ಇದನ್ನು ನನಗೆ ಹೇಳಿಕೊಟ್ಟದ್ದು ಥಿಯರಿ ಕ್ಲಾಸ್ ಅಲ್ಲ. ಹಾಡನ್ನು ಸಿ ಇಂದ ಎಫ್‌ಗೆ ಏರಿಸುವ ಅಭ್ಯಾಸ ಪುಸ್ತಕದ ಕೊನೆಯ ಅಧ್ಯಾಯದಲ್ಲಿತ್ತು, ಅಲ್ಲಿಗೆ ತಲುಪುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು.

ಹೇಳಿಕೊಟ್ಟದ್ದು ಹಾಡುಗಾರಿಕೆಯ ಕ್ಲಾಸ್. ಇಡೀ ಕೋರ್ಸಿನಲ್ಲಿ ನಾನು ಪೂರ್ತಿ ಅಂಕ ಕೊಡುವುದು ಇದಕ್ಕೆ ಮತ್ತು ಬೋಧನಾ ವಿಧಾನದ ಪೇಪರ್‌ಗೆ. ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕವಿಲ್ಲದೆ ಬರೀ ಬಾಯಿಂದ ಬಾಯಿಗೆ ಒಂದು ಹಾಡು ಕಲಿಸಬೇಕು. ಸುಮ್ನೆ ಹಾಡಿ ತೋರಿಸಿದರಾಯಿತು ಅಲ್ವಾ ಅನ್ನಿಸುತ್ತದೆ. ಎದ್ದು ನಿಂತು ಒಂದು ಸಾಲು ಹಾಡಿ ಎಲ್ಲರೂ ಹೇಳಿ ಅಂದರೆ, ಮೇಡಂ ಕೈ ಎತ್ತಿ ನಿಲ್ಲಿಸುತ್ತಿದ್ದರು. ಮೊದಲ ಸ್ವರ ಕೊಟ್ಟಿರಾ? ಪೂರ್ತಿ ಹಾಡನ್ನು ಒಮ್ಮೆ ಕೇಳಿಸಿದಿರಾ? ಕೇಳುವಾಗ ಮಕ್ಕಳು ಯಾವುದಕ್ಕೆ ಕಿವಿ ಕೊಡಬೇಕು ಅಂತ ಹೇಳಿದಿರಾ? 'ಶುರು ಮಾಡಿ' ಅನ್ನುವ ಮಾತನ್ನೂ ಹಾಡಿನ ಮೊದಲ ಸ್ವರದಲ್ಲೇ, ಹಾಡಿನ ಲಯದಲ್ಲೇ ಹೇಳಬೇಕು, ಆಗ ಶ್ರುತಿ, ವೇಗ, ಸೂಚನೆ ಮೂರೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಇನ್ನೊಂದು ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು: 'ಮಕ್ಕಳು ಹಾಡುವಾಗ ನೀವು ಬಾಯಿ ಮುಚ್ಚಿಕೊಂಡಿರಿ. ಜೊತೆಗೆ ಹಾಡಿದರೆ ನಿಮಗೆ ಕೇಳಿಸುವುದು ನಿಮ್ಮ ದನಿ ಮಾತ್ರ.'

ಗಂಡಸರಿಗೆ ಇಲ್ಲಿ ಇನ್ನೊಂದು ತೊಂದರೆ ಇದೆ. ಗಂಡಸಿನ ದನಿ ಮಕ್ಕಳ ದನಿಗಿಂತ ಒಂದು ಸ್ಥಾಯಿ ಕೆಳಗೆ. ಕೆಲವು ಮಕ್ಕಳಿಗೆ ಅದು ಒಂದೇ ಸ್ವರ ಅಂತ ಹೊಳೆಯುವುದಿಲ್ಲ, ಆ ಕೆಳಗಿನ ಸ್ವರವನ್ನೇ ಹಿಡಿಯಲು ಒದ್ದಾಡುತ್ತಾರೆ. ಕಳ್ಳದನಿಯಲ್ಲಿ (ಗಂಟಲು ತೆಳುವಾಗಿಸಿ ಎತ್ತರದ ಸ್ಥಾಯಿಯಲ್ಲಿ) ಹಾಡಿ ತೋರಿಸುವುದು ಒಂದು ದಾರಿ, ರಿಕಾರ್ಡರ್ ಅನ್ನುವ ಕೊಳಲಿನಲ್ಲಿ ಅಥವಾ ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ಕ್ಸೈಲೊಫೋನಿನಲ್ಲಿ ನುಡಿಸುವುದು ಇನ್ನೊಂದು, ಚೆನ್ನಾಗಿ ಹಾಡುವ ಮಗುವಿನಿಂದಲೇ ಹಾಡಿಸುವುದು ಮೂರನೆಯದು. ನಮ್ಮ ಬ್ಯಾಚಿನ ಹುಡುಗರು ಕಳ್ಳದನಿ ಅಭ್ಯಾಸ ಮಾಡುವಾಗ ನಕ್ಕು ನಕ್ಕು ಸಾಕಾಗುತ್ತಿತ್ತು, ಆದರೆ ಅದು ಕೆಲಸ ಮಾಡುತ್ತದೆ.

ಬೋಧನಾ ವಿಧಾನದ ಪೇಪರ್‌ನಲ್ಲಿ ಮೂರು ದೊಡ್ಡ ಹೆಸರುಗಳು. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್ಕ್ರೋಜ್, ಹಂಗೇರಿಯ ಜೋಲ್ತಾನ್ ಕೊಡಾಯ್, ಜರ್ಮನಿಯ ಕಾರ್ಲ್ ಓರ್ಫ್. ಡಾಲ್ಕ್ರೋಜ್ ಜಿನೀವಾದಲ್ಲಿ ಹಾರ್ಮನಿ ಕಲಿಸುತ್ತಿದ್ದವರು. ವಿದ್ಯಾರ್ಥಿಗಳಿಗೆ ಬೆರಳು ಓಡುತ್ತದೆ, ಆದರೆ ಲಯ ಮೈಯೊಳಗೆ ಇಳಿದಿಲ್ಲ ಅಂತ ಕಂಡುಕೊಂಡು ಅವರನ್ನು ಕುರ್ಚಿಯಿಂದ ಎಬ್ಬಿಸಿ ನಡೆಸಿದರು. ಕಾಲಿನಲ್ಲಿ ತಾಳ, ಕೈ ಚಪ್ಪಾಳೆಯಲ್ಲಿ ಹಾಡಿನ ಲಯ, ಮಧ್ಯದಲ್ಲಿ ಪಿಯಾನೊ ನಿಂತರೆ ಅಲ್ಲೇ ಗಕ್ಕನೆ ನಿಲ್ಲಬೇಕು. ಮೊದಲ ದಿನ ನಾಚಿಕೆಯಾಗುತ್ತದೆ. ಎರಡನೇ ದಿನದಿಂದ ಕ್ಲಾಸಿಗೆ ಯಾರೂ ಚಕ್ಕರ್ ಹಾಕುವುದಿಲ್ಲ.

ಕೊಡಾಯ್ ವಿಧಾನ ಅಂದರೆ ಕೈಸನ್ನೆ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಡೊ (ನಮ್ಮ ಸಾ ಇದ್ದಂತೆ) ಅಂದರೆ ಸೊಂಟದ ಮಟ್ಟದಲ್ಲಿ ಮುಷ್ಟಿ, ಮಿ (ನಮ್ಮ ಗ) ಅಂದರೆ ಅಂಗೈ ನೆಲ ನೋಡುವಂತೆ ಮಟ್ಟಸವಾಗಿ ಹಿಡಿದ ಕೈ. ಆದರೆ ಈ ಸನ್ನೆಗಳು ಅವರದ್ದಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವನ್ ರೂಪಿಸಿದ್ದು, ಕರ್ವನ್ ಪದ್ಧತಿಗೆ ಬುನಾದಿ ಹಾಕಿದ್ದು ನಾರ್ವಿಚ್‌ನ ಸಾರಾ ಗ್ಲೋವರ್ ಅನ್ನುವ ಟೀಚರ್. ಕೊಡಾಯ್ ಗಟ್ಟಿಯಾಗಿ ಹಿಡಿದದ್ದು ಬೇರೆಯದನ್ನು: ಮಗು ಮೊದಲು ಹಾಡಬೇಕು, ತನ್ನ ನುಡಿಯ ಜನಪದ ಹಾಡುಗಳನ್ನೇ ಹಾಡಬೇಕು, ಬರಹ ಆಮೇಲೆ. ಈ ಪರಂಪರೆಯನ್ನು 2016ರಲ್ಲಿ ಯುನೆಸ್ಕೊ ಕೂಡ ಒಳ್ಳೆಯ ಸಂರಕ್ಷಣಾ ಕ್ರಮಗಳ ಪಟ್ಟಿಗೆ ಸೇರಿಸಿತು. ಇಲ್ಲಿ ಡೊ ಒಂದೇ ಜಾಗದಲ್ಲಿ ಕೂರುವುದಿಲ್ಲ, ಹಾಡಿನ ಶ್ರುತಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಸರಿಗಮ ಕಲಿತವರಿಗೆ ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಸಾ ಕೂಡ ಹಾಗೇ ಅಲ್ವಾ. ಪಿಯಾನೊ ಮಾತ್ರ ಕಲಿತು ಬಂದ ಗೆಳೆಯರು ಮೊದಲ ತಿಂಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಸರಿಗಮದವರು ಆರಾಮಾಗಿದ್ದರು.

ಲಯಕ್ಕೂ ಹೀಗೇ. ಲಯವನ್ನು ಬಾಯಲ್ಲಿ ಹೇಳಲು ಟಾ, ಟಿ-ಟಿ ಅನ್ನುವ ಪದ್ಧತಿ ಇದೆ, ಅದರ ಜೊತೆಗೆ ತಕದಿಮಿ ಅನ್ನುವ ಇನ್ನೊಂದು ಪದ್ಧತಿಯನ್ನೂ ಕಲಿಸಿದರು. 1996ರಲ್ಲಿ ಅಮೆರಿಕದ ಕೆಲವು ಸಂಗೀತ ಅಧ್ಯಾಪಕರು ದಕ್ಷಿಣ ಭಾರತದ ಸೊಲ್ಲುಗಳನ್ನು ತೆಗೆದುಕೊಂಡು ರೂಪಿಸಿದ್ದು. ತಾಳದ ಒಂದು ಬಡಿತಕ್ಕೆ ಒಂದೇ ಸ್ವರವಾದರೆ ತ, ಎರಡಾದರೆ ತ-ದಿ, ನಾಲ್ಕಾದರೆ ತ-ಕ-ದಿ-ಮಿ, ಮೂರಾದರೆ ತ-ಕಿ-ದ. ನಮ್ಮ ಸೊಲ್ಲು ಅಷ್ಟು ದೂರ ಹೋಗಿ ಸ್ವಲ್ಪ ಬೇರೆ ವೇಷದಲ್ಲಿ ಪಠ್ಯಪುಸ್ತಕದೊಳಗಿಂದ ವಾಪಸ್ ಬಂದದ್ದು ನೋಡಿ ಖುಷಿಯಾಯಿತು.

ಓರ್ಫ್ ವಾದ್ಯಗಳ ಕ್ಲಾಸ್ ಬಗ್ಗೆ ಎಷ್ಟು ಬರೆದರೂ ಕಡಿಮೆ. ಓರ್ಫ್ ಮತ್ತು ಡೊರೊಥೀ ಗ್ಯುಂಟರ್ 1924ರಲ್ಲಿ ಮ್ಯೂನಿಕ್‌ನಲ್ಲಿ ಶುರು ಮಾಡಿದ ಶಾಲೆಯಲ್ಲಿ ಇದರ ಬೇರು ಇದೆ. ಹೆಸರು ಓರ್ಫ್‌ದು, ಆದರೆ ಪಾಠದ ಕೆಲಸದಲ್ಲಿ ಗುನಿಲ್ಡ್ ಕೇಟ್‌ಮನ್ ಪಾಲು ದೊಡ್ಡದು. ಈ ಕ್ಲಾಸಿನ ಕ್ಸೈಲೊಫೋನ್, ಮೆಟಲೊಫೋನ್‌ಗಳ (ಲೋಹದ ಪಟ್ಟಿಯದು) ಪಟ್ಟಿಗಳನ್ನು ಒಂದೊಂದಾಗಿ ತೆಗೆಯಬಹುದು. ಸಿ ಸ್ಕೇಲಿನಲ್ಲಿ ಎಫ್ ಮತ್ತು ಬಿ ತೆಗೆದಿಟ್ಟರೆ ಉಳಿಯುವುದು ಐದು ಸ್ವರ, ಸರಿಗಪದ, ಮೋಹನ ರಾಗದ ಸ್ವರಗಳು. ಪಕ್ಕಪಕ್ಕದಲ್ಲಿ ಕಿತ್ತಾಡುವ ಅರ್ಧ ಸ್ವರವೇ ಇಲ್ಲ. ಹಾಗಾಗಿ ಹತ್ತು ಮಕ್ಕಳು ಮನಸ್ಸಿಗೆ ಬಂದದ್ದನ್ನು ಒಟ್ಟಿಗೆ ಬಾರಿಸಿದರೂ ಕಿವಿಗೆ ಹಿತವಾಗಿಯೇ ಇರುತ್ತದೆ. ಪಟ್ಟಿ ತೆಗೆಯುವುದಕ್ಕೂ ಒಂದು ಕ್ರಮ ಇದೆ: ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಎತ್ತಬೇಕು. ಒಂದು ಕಡೆಯಿಂದ ಎಳೆದರೆ ಕೆಳಗಿನ ಪಿನ್ ಬಾಗುತ್ತದೆ. ಕೋಲನ್ನು ಪಟ್ಟಿಯ ಮೇಲೆ ಒತ್ತಿ ಹಿಡಿಯಬಾರದು, ತಾಗಿದ ಕೂಡಲೇ ಪುಟಿದು ಮೇಲೇಳಬೇಕು, ಇಲ್ಲವಾದರೆ ನಾದ ಅಲ್ಲೇ ಸಾಯುತ್ತದೆ. ಇಷ್ಟು ಚಿಕ್ಕ ವಿಷಯವನ್ನೂ ಬಿಡದೆ ಕಲಿಸುವ ಕ್ಲಾಸ್ ಅದು.

ಆದರೆ ಇದೇ ಪೇಪರ್‌ನಲ್ಲೇ ನನಗೆ ದೊಡ್ಡ ತಕರಾರು ಇರುವುದು. ಎಲ್ಲ ಪಾಠವನ್ನೂ ನಾವು ಮಾಡಿದ್ದು ಒಬ್ಬರಿಗೊಬ್ಬರು. ನಾನು ಟೀಚರ್, ಉಳಿದ ಗೆಳೆಯರು ಎರಡನೇ ಕ್ಲಾಸಿನ ಮಕ್ಕಳು. ಇಪ್ಪತ್ತು ವರ್ಷದವರು ಒಂದು ಹಾಡನ್ನು ಎರಡು ಸಲ ಕೇಳಿದರೆ ಕಲಿತುಬಿಡುತ್ತಾರೆ, ನಿಲ್ಲಿ ಅಂದರೆ ನಿಲ್ಲುತ್ತಾರೆ, ಗಂಟೆ ಕೊಟ್ಟರೆ ಬಾರಿಸದೆ ಕಾಯುತ್ತಾರೆ. ನಿಜವಾದ ಎರಡನೇ ಕ್ಲಾಸಿನಲ್ಲಿ ಹಾಡಿನ ಮಧ್ಯೆ ಒಂದು ಮಗು ಎದ್ದು ಬಂದು ತನ್ನ ಬಿದ್ದ ಹಲ್ಲಿನ ಜಾಗ ತೋರಿಸುತ್ತದೆ. ಅಷ್ಟರಲ್ಲಿ ಮೂವತ್ತು ಟ್ರಯಾಂಗಲ್‌ಗಳು (ಬಾರಿಸುವ ಲೋಹದ ತ್ರಿಕೋನಗಳು) ಒಟ್ಟಿಗೆ ಟಿಣ್ ಅನ್ನುತ್ತವೆ. ವಾದ್ಯ ಹಂಚುವ ಮೊದಲು ಹೇಗೆ ನುಡಿಸಬೇಕು, ಯಾವಾಗ ಕೆಳಗಿಡಬೇಕು ಅಂತ ಹೇಳಿ ಮುಗಿಸಿರಬೇಕು, ಹಂಚಿದ ಮೇಲೆ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಇದನ್ನು ನಮಗೆ ಕಾಲೇಜು ಹೇಳಲಿಲ್ಲ, ಪ್ರಾಕ್ಟೀಸ್‌ಗೆ ಹೋದ ಶಾಲೆಯ ಹಿರಿಯ ಟೀಚರ್ ಒಬ್ಬರು ಹೇಳಿದರು. ಶಾಲೆಗೆ ಕಳಿಸುವುದು ಕೋರ್ಸಿನ ಕಟ್ಟಕಡೆಯ ಭಾಗದಲ್ಲಿ. ಮಕ್ಕಳ ಜೊತೆ ಇರುವುದು ತನಗೆ ಒಗ್ಗುವುದೇ ಇಲ್ಲ ಅಂತ ಯಾರಿಗಾದರೂ ಗೊತ್ತಾದರೂ ಅಷ್ಟೊತ್ತಿಗೆ ಫೀಸೂ ವರ್ಷಗಳೂ ಹೋಗಿರುತ್ತವೆ. ಮೊದಲ ಸೆಮಿಸ್ಟರ್‌ನಲ್ಲೇ ವಾರಕ್ಕೊಮ್ಮೆ ಶಾಲೆಗೆ ಕಳಿಸಿ ಸುಮ್ನೆ ಹಿಂದೆ ಕೂರಿಸಿದ್ದರೂ ಸಾಕಿತ್ತು. ಕಳೆದ ಒಂದೂವರೆ ಸ್ಟಾರ್‌ನಲ್ಲಿ ಒಂದು ಪೂರ್ತಿ ಇದಕ್ಕೇ.

ಉಳಿದರ್ಧ ಪಿಯಾನೊಗೆ. ಪಿಯಾನೊ ಬೇಡ ಅನ್ನುತ್ತಿಲ್ಲ. ಆದರೆ ಪರೀಕ್ಷೆಗೆ ಒಂದು ಸೊನಾಟಿನಾ (ಪಿಯಾನೊದ ಸಣ್ಣ ಕೃತಿ) ಬಾಯಿಪಾಠ ಮಾಡಿಸಿದರು, ತಿಂಗಳುಗಟ್ಟಲೆ ಅದೇ. ಕ್ಲಾಸಿನಲ್ಲಿ ಬೇಕಾಗುವುದು ಕಣ್ಣು ಮಕ್ಕಳ ಮೇಲಿಟ್ಟು ಎಡಗೈಯಲ್ಲಿ ಮೂರು ಕಾರ್ಡ್ ಬದಲಿಸುವ ಕೌಶಲ. ಅದರ ಅಭ್ಯಾಸ ನಡೆದದ್ದು ನಾವೇ ಸಂಜೆ ಉಳಿದುಕೊಂಡಾಗ. ಇದಕ್ಕೆ ಹೋಲಿಸಿದರೆ ಯುಕುಲೇಲಿ ಕ್ಲಾಸ್ ಎಷ್ಟೋ ವಾಸಿ. ನಾಲ್ಕೇ ತಂತಿ, ಸಿ ಕಾರ್ಡಿಗೆ ಒಂದೇ ಬೆರಳು, ನೈಲಾನ್ ತಂತಿಯಾದ್ದರಿಂದ ಚಿಕ್ಕ ಬೆರಳಿಗೆ ನೋವೂ ಕಡಿಮೆ, ನಿಂತು ನುಡಿಸುತ್ತಾ ಮಕ್ಕಳ ಮುಖ ನೋಡಬಹುದು. ರಿಕಾರ್ಡರ್ ಕ್ಲಾಸ್ ಕೂಡ ಪರವಾಗಿಲ್ಲ. ಎಡಗೈ ಮೇಲ್ಭಾಗದಲ್ಲಿ ಹಿಡಿದು, ಬಿ-ಎ-ಜಿ ಮೂರು ಸ್ವರದಿಂದ ಶುರು, ಕೀಂಯ್ ಅಂದರೆ ಎಲ್ಲೋ ತೂತು ಸರಿಯಾಗಿ ಮುಚ್ಚಿಲ್ಲ ಅಥವಾ ಜೋರಾಗಿ ಊದಿದ್ದೀರಿ ಅಂತ ಅರ್ಥ. ರಿಕಾರ್ಡರ್ ಕೊಳ್ಳುವವರಿಗೆ ಒಂದು ಮಾತು: ಬರೋಕ್ ಫಿಂಗರಿಂಗ್ (ತೂತು ಮುಚ್ಚುವ ಬೆರಳುಗಳ ಕ್ರಮ) ಇರುವುದನ್ನೇ ತೆಗೆದುಕೊಳ್ಳಿ. ಜರ್ಮನ್ ಫಿಂಗರಿಂಗ್‌ನಲ್ಲಿ ಎಫ್ ಸುಲಭ ಅಂತ ಆಸೆ ಹುಟ್ಟಿಸುತ್ತದೆ, ಮುಂದೆ ಎಫ್ ಶಾರ್ಪ್ ಬಂದಾಗ ಶ್ರುತಿ ಸೇರದೆ ಕೈಕೊಡುತ್ತದೆ.

ಇತಿಹಾಸದ ಪೇಪರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೀಥೋವನ್ ಹುಟ್ಟಿದ್ದು 1770 ಅಂತ ಬರೆದು ಅಂಕ ತೆಗೆದುಕೊಂಡೆವು. ಸರ್ಕಾರಿ ಶಾಲೆಯ ಪಾಠಪಟ್ಟಿಯೊಳಗೆ ಸಂಗೀತ ಹೇಗೆ ಬಂತು ಅನ್ನುವುದು, ಉದಾಹರಣೆಗೆ ಅಮೆರಿಕದ ಸಂಗೀತ ಶಿಕ್ಷಕ ಲೋವೆಲ್ ಮೇಸನ್ ಪ್ರಯತ್ನದಿಂದ 1838ರಲ್ಲಿ ಬಾಸ್ಟನ್ ಶಾಲೆಗಳಲ್ಲಿ ಸಂಗೀತ ಒಂದು ವಿಷಯವಾದದ್ದು, ಅಡಿಟಿಪ್ಪಣಿಯಲ್ಲಿತ್ತು. ಮಕ್ಕಳ ಮನಸ್ಸಿನ ಪೇಪರ್ ಚೆನ್ನಾಗಿತ್ತು, ಆದರೆ ಅದರಲ್ಲಿ ಸಂಗೀತ ಇರಲಿಲ್ಲ. ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು, ಕಿವಿ ಕಡಿಮೆ ಕೇಳುವ ಮಗು, ಇವರ ಜೊತೆ ಸಂಗೀತ ಪಾಠ ಹೇಗೆ ಅನ್ನುವುದಕ್ಕೆ ಒಂದೇ ಒಂದು ಕ್ಲಾಸ್ ಸಿಕ್ಕಿತು. ಡ್ರಮ್ಮಿನ ಚರ್ಮದ ಮೇಲೆ ಅಂಗೈ ಇಟ್ಟು ಕಂಪನ ಹಿಡಿಯುವುದನ್ನು ತೋರಿಸಿದರು, ಅಷ್ಟರಲ್ಲಿ ಬೆಲ್. ನಮ್ಮದೇ ಗಂಟಲನ್ನು ನೋಡಿಕೊಳ್ಳುವುದಕ್ಕೂ ಅಷ್ಟೇ. ದಿನವಿಡೀ ಮಾತಾಡುವ ಶಿಕ್ಷಕರಿಗೆ ದನಿಯ ತೊಂದರೆ ಬೇರೆ ಕೆಲಸದವರಿಗಿಂತ ಜಾಸ್ತಿ, ಹಾಡುವುದೂ ಸೇರಿದರೆ ಕೇಳಲೇಬೇಡಿ.

ಸೇರುವ ಯೋಚನೆ ಇರುವವರು ಬ್ರೋಷರ್‌ನ ಫೋಟೊ ನೋಡಿ ಹೋಗಬೇಡಿ. ಆಫೀಸಿಗೆ ಹೋದಾಗ ಮೊದಲ ಸಲ ಮಕ್ಕಳ ಮುಂದೆ ನಿಲ್ಲಿಸುವುದು ಯಾವ ಸೆಮಿಸ್ಟರ್‌ನಲ್ಲಿ ಅಂತ ಕೇಳಿ. ಪಿಯಾನೊ ಪರೀಕ್ಷೆಯಲ್ಲಿ ಕೇಳುವುದು ಬಾಯಿಪಾಠದ ಕೃತಿಯೋ, ಕೊಟ್ಟ ಹಾಡಿಗೆ ಸಾಥ್ ಕೊಡುವುದೋ ಕೇಳಿ. ಬೋಧನಾ ವಿಧಾನ ಕಲಿಸುವವರು ಈಗಲೂ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದಾರಾ ವಿಚಾರಿಸಿ, ನಮ್ಮ ಮೇಡಂ ಮಾಡುತ್ತಿದ್ದರು, ಅದಕ್ಕೇ ಅವರ ಕ್ಲಾಸ್ ಹಾಗಿತ್ತು. ಸಾಧ್ಯವಾದರೆ ವಾದ್ಯಗಳ ಕೋಣೆ ತೋರಿಸಿ ಅನ್ನಿ. ಕ್ಸೈಲೊಫೋನ್ ಮೇಲೆ ಧೂಳು ಕೂತಿದೆಯೋ, ಸಂಜೆ ಅಭ್ಯಾಸಕ್ಕೆ ಬೀಗದ ಕೈ ಯಾರ ಹತ್ತಿರ ಸಿಗುತ್ತದೋ, ಅದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.