ಆನ್‌ಲೈನ್ ಪಾಠಕ್ಕೆ ಬರೆಯುವುದು ಎಲ್ಲಿ: ಬೋರ್ಡೇ, ಪೆನ್ ಟ್ಯಾಬ್ಲೆಟ್ಟೇ, ಬಿಳಿ ಹಾಳೆಯೇ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬಿಳಿ ಹಾಳೆಗೆ. ಮೇಲಿನಿಂದ ಇಣುಕುವ ಮೊಬೈಲ್, ಕೆಳಗೆ ಎ4 ಹಾಳೆ, ಕೈಯಲ್ಲಿ ದಪ್ಪ ಮೊನೆಯ ಜೆಲ್ ಪೆನ್ನು. ಪೆನ್ ಟ್ಯಾಬ್ಲೆಟ್ಟಿಗೆ ಮೂರೂವರೆ ಸಾವಿರ ರೂಪಾಯಿ ಸುರಿದ ಮೇಲೂ ಇದೇ ಮಾತು.

ನಾನು ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಸಾವಯವ ರಸಾಯನಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕ. ಕೊರೊನಾ ಹೋದರೂ ಆನ್‌ಲೈನ್ ತರಗತಿ ಹೋಗಲಿಲ್ಲ. ಒಂದು ಕೋರ್ಸಿನ ಶೇ 40ರವರೆಗಿನ ಪಾಠವನ್ನು ಆನ್‌ಲೈನಿನಲ್ಲಿ ಮಾಡಬಹುದೆಂಬ ಟಿಪ್ಪಣಿಯನ್ನು ಯುಜಿಸಿ 2021ರ ಮೇ ತಿಂಗಳಲ್ಲಿ ಚರ್ಚೆಗೆ ಬಿಟ್ಟಿತ್ತು. ನಮ್ಮಲ್ಲಿ ಅಷ್ಟೆಲ್ಲ ಲೆಕ್ಕಾಚಾರವಿಲ್ಲ. ಸೆಮಿಸ್ಟರಿನ ಕೊನೆಗೆ ಮುಗಿಯದೆ ಉಳಿದ ಪಾಠವೆಲ್ಲ ಸಂಜೆಯ ವಿಡಿಯೊ ತರಗತಿಯ ತಲೆಗೆ ಬರುತ್ತದೆ.

ಪಿಪಿಟಿ ಹಾಕಿ ಓದುತ್ತ ಹೋದರೆ ಯಾವ ತಯಾರಿಯೂ ಬೇಡ, ಕೇಳುವವರಿಗೆ ಒಳ್ಳೆಯ ನಿದ್ದೆಯೂ ಬರುತ್ತದೆ. ಆದರೆ ಮೆಕ್ಯಾನಿಸಂ, ಅಂದರೆ ಕ್ರಿಯೆಯಲ್ಲಿ ಎಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಸಾಗುತ್ತವೆಂದು ಬಾಣ ಎಳೆದು ತೋರಿಸುವುದು, ಬರೆಯುತ್ತಲೇ ಹೇಳಬೇಕಾದ ವಿಷಯ. ಎಸ್‌ಎನ್‌2 ಕ್ರಿಯೆಯನ್ನೇ ನೋಡಿ: ಕಾರ್ಬನ್ನಿಗೆ ಅಂಟಿದ ಬ್ರೋಮಿನ್ ಹೊರಹೋಗುತ್ತಿದ್ದಂತೆ ಹೈಡ್ರಾಕ್ಸೈಡ್ ಅದರ ಜಾಗಕ್ಕೆ ಬರುತ್ತದೆ. ಹೈಡ್ರಾಕ್ಸೈಡಿನ ಎಲೆಕ್ಟ್ರಾನ್ ಜೋಡಿಯಿಂದ ಹೊರಟ ಬಾಗಿದ ಬಾಣ ಹಿಂಬದಿಯಿಂದ ಬಂದು ಕಾರ್ಬನ್ನಿಗೆ ತಾಗಬೇಕು. ಇನ್ನೊಂದು ಬಾಣ ಕಾರ್ಬನ್ ಮತ್ತು ಬ್ರೋಮಿನ್ ನಡುವಿನ ಬಂಧದಿಂದಲೇ ಹೊರಟು ಬ್ರೋಮಿನ್ ಮೇಲೆ ನಿಲ್ಲಬೇಕು. ಬಾಣದ ಬುಡ ಕೊಂಚ ಆಚೀಚೆಯಾದರೂ ವಿದ್ಯಾರ್ಥಿಗಳು ಅದನ್ನೇ ಇಳಿಸಿಕೊಂಡು, ಪರೀಕ್ಷೆಯಲ್ಲಿ ಬಂಧವನ್ನು ಬಿಟ್ಟು ಕಾರ್ಬನ್ ಅಕ್ಷರದಿಂದಲೇ ಬಾಣ ಹೊರಡಿಸುತ್ತಾರೆ, ಅಂಕ ಕಳೆದುಕೊಳ್ಳುತ್ತಾರೆ. ಹೀಗಾಗಿ ನನ್ನ ಅಳತೆಗೋಲು ಒಂದೇ: ಐದೂವರೆ ಇಂಚಿನ ಮೊಬೈಲಿನಲ್ಲಿ ನೋಡುವವರಿಗೆ ಬಾಣದ ಬುಡ ಎಲ್ಲಿದೆ ಎಂದು ಕಾಣಬೇಕು.

ಗೋಡೆಯ ಬಿಳಿ ಬೋರ್ಡು ಈ ಅಳತೆಗೆ ನಿಲ್ಲಲಿಲ್ಲ. ನಿಂತು ಪಾಠ ಮಾಡುವ ಸುಖ ಅದರಲ್ಲಿದೆ, ಒಪ್ಪಿದೆ. ಆದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬೋರ್ಡಿನ ನಡುವೆ ಬಿದ್ದು ಅಷ್ಟು ಜಾಗ ಬೆಳ್ಳಗಾಗುತ್ತದೆ. ಬೆಳಕು ಸರಿಪಡಿಸಿದರೆ ಬರೆಯುವಾಗ ನನ್ನ ಬೆನ್ನೇ ಅಡ್ಡ. ದೂರ ನಿಂತು ಮಾತನಾಡುವುದರಿಂದ ಕೋಣೆಯ ಮಾರ್ದನಿ ಸೇರಿ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ದೊಡ್ಡ ಕೋಣೆ, ಒಳ್ಳೆಯ ಕ್ಯಾಮೆರಾ, ಸಹಾಯಕ್ಕೆ ಒಬ್ಬರು ಇರುವವರು ಬೋರ್ಡಿಗೇ ಹೋಗಲಿ.

ಪೆನ್ ಟ್ಯಾಬ್ಲೆಟ್ಟಿನ ಬಗ್ಗೆ ನನಗೆ ದೊಡ್ಡ ಆಸೆಯಿತ್ತು. ಪರದೆಯಿಲ್ಲದ ಕಪ್ಪು ಹಲಗೆ. ಅದರ ಮೇಲೆ ಬರೆದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡುತ್ತದೆ. ಪೆನ್ನಿಗೆ ಚಾರ್ಜ್ ಬೇಕಿಲ್ಲ. ಓಪನ್‌ಬೋರ್ಡ್, ಕ್ಸೋರ್ನಲ್++ ಎಂಬ ಒಳ್ಳೆಯ ತಂತ್ರಾಂಶಗಳು ಕಾಸು ಕೇಳದೆ ಸಿಗುತ್ತವೆ. ತೊಂದರೆಯೆಂದರೆ ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಇಂಗ್ಲಿಷ್ ಅಕ್ಷರ, ಸಂಖ್ಯೆ ಹೇಗೋ ಒಲಿದವು. ಬೆಂಜೀನಿನ ಷಟ್ಕೋನದ ಕೊನೆಯ ಗೆರೆ ಮಾತ್ರ ಮೊದಲ ಗೆರೆಯನ್ನು ಸೇರಲು ಒಪ್ಪುತ್ತಿರಲಿಲ್ಲ. ಕನ್ನಡದಲ್ಲಿ ಟಿಪ್ಪಣಿ ಬರೆಯಹೊರಟರೆ ಇನ್ನೂ ಫಜೀತಿ: ‘ಉತ್ಕರ್ಷಣೆ’ ಎಂದು ಬರೆಯುವಷ್ಟರಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು, ಅರ್ಕಾವೊತ್ತು ಎಲ್ಲೋ ಒಂಟಿಯಾಗಿ ನಿಂತಿರುತ್ತಿತ್ತು. ಅಭ್ಯಾಸವಾದರೆ ಕೂಡುತ್ತದೆ ಎನ್ನುತ್ತಾರೆ, ಕೂಡಿಯೂ ಬಂತು, ಅರ್ಧದಷ್ಟು. ಕೊಂಡವರಿಗೆ ಒಂದು ಮಾತು: ಸೆಟ್ಟಿಂಗಿನಲ್ಲಿ ಹಲಗೆಯ ಉದ್ದಗಲದ ಪ್ರಮಾಣವನ್ನು ಪರದೆಯ ಪ್ರಮಾಣಕ್ಕೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ನೀವು ಬರೆದ ವೃತ್ತ ಮೊಟ್ಟೆಯಾಗುತ್ತದೆ.

ಪರದೆಯ ಮೇಲೇ ಬರೆಯುವ ದುಬಾರಿ ಟ್ಯಾಬ್ ಈ ಎಲ್ಲಕ್ಕಿಂತ ಚೆನ್ನ. ಸಹೋದ್ಯೋಗಿಯೊಬ್ಬರದನ್ನು ಎರವಲು ಪಡೆದು ನೋಡಿದೆ, ಬೆಲೆ ಕೇಳಿ ಹಿಂದಿರುಗಿಸಿದೆ.

ಇನ್ನು ಹಾಳೆ. ಮೊಬೈಲನ್ನು ಎರಡನೆಯ ಸದಸ್ಯನಂತೆ ಅದೇ ತರಗತಿಗೆ ಸೇರಿಸಿ, ಹಿಂಬದಿಯ ಕ್ಯಾಮೆರಾ ತೆರೆದರಾಯಿತು. ಕೇಳುವುದಕ್ಕೆ ಇಷ್ಟು ಸುಲಭ. ಮೊದಲ ಕಿರಿಕಿರಿ ಚಿತ್ರ ತಿರುಗುವುದು. ಮೊಬೈಲ್ ನೆಲಕ್ಕೆ ಪೂರ್ತಿ ಮುಖ ಮಾಡಿದರೆ ತಾನು ಅಡ್ಡವಿದ್ದೇನೋ ಉದ್ದವಿದ್ದೇನೋ ಅದಕ್ಕೇ ತಿಳಿಯುವುದಿಲ್ಲ. ಪಾಠದ ನಡುವೆ ಹಾಳೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಮಲಗಿಬಿಡುತ್ತದೆ. ಮೊಬೈಲನ್ನು ತುಸು ವಾಲಿಸಿ ಕಟ್ಟಿದ ಮೇಲೆ ಅದು ನಿಂತಿತು.

ನಿಜವಾಗಿ ತಲೆ ತಿಂದದ್ದು ಬೇರೆ. ನಾನು ಲ್ಯಾಪ್‌ಟಾಪಿನ ಮೈಕಿನಲ್ಲಿ ಮಾತನಾಡುತ್ತಿದ್ದೆ, ಪ್ರತಿಧ್ವನಿ ಬಾರದಿರಲೆಂದು ಮೊಬೈಲಿನ ಬಾಯಿ ಮುಚ್ಚಿದ್ದೆ. ಎಲ್ಲ ಸರಿಯಿದೆ ಎಂದುಕೊಂಡು ಬಾಣ ಎಳೆಯುತ್ತಿದ್ದರೆ, ‘ಸರ್, ನಿಮ್ಮ ಮುಖ ಮಾತ್ರ ಕಾಣುತ್ತಿದೆ’ ಎಂಬ ಸಂದೇಶ. ವಿಡಿಯೊ ತರಗತಿಯ ಆ್ಯಪ್‌ಗಳು ಸಾಮಾನ್ಯವಾಗಿ ಮಾತನಾಡುತ್ತಿರುವವರನ್ನೇ ದೊಡ್ಡದಾಗಿ ತೋರಿಸುತ್ತವೆ. ಮಾತನಾಡುತ್ತಿದ್ದದ್ದು ಲ್ಯಾಪ್‌ಟಾಪು, ಬಾಯಿ ಮುಚ್ಚಿಕೊಂಡಿದ್ದ ಹಾಳೆ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿತ್ತು. ಹಾಳೆಯನ್ನು ಪಿನ್ ಮಾಡಿಕೊಳ್ಳಿ ಎಂದು ಪ್ರತಿ ತರಗತಿಯಲ್ಲೂ ಹೇಳಬೇಕಾಯಿತು. ಅರ್ಧ ಜನ ಮಾಡುತ್ತಿದ್ದರು. ನೆಟ್‌ವರ್ಕ್ ಕಡಿದು ಮತ್ತೆ ಒಳಬಂದವರಿಗೆ ಪಿನ್ ಹೋಗಿರುತ್ತಿತ್ತು.

ಪರಿಹಾರ ಹೊಳೆದದ್ದು ತಿರುಗುಮುರುಗಾಗಿ: ಹಾಳೆಯೇ ಮಾತನಾಡಲಿ. ಅಂಗಿಗೆ ಸಿಕ್ಕಿಸಿಕೊಳ್ಳುವ ತಂತಿಯ ಮೈಕನ್ನು ಮೊಬೈಲಿಗೆ ಹಾಕಿದೆ, ಲ್ಯಾಪ್‌ಟಾಪಿನ ಮೈಕನ್ನೂ ಕ್ಯಾಮೆರಾವನ್ನೂ ಮುಚ್ಚಿದೆ. ಈಗ ನಾನು ಬಾಯಿ ತೆರೆದ ಕೂಡಲೇ ಎಲ್ಲರ ಪರದೆಯ ತುಂಬ ಹಾಳೆ. ಆದರೆ ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ಅವರ ದನಿ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಹೊರಟು ನನ್ನ ಮೈಕಿಗೆ ಬಿದ್ದು ಅವರಿಗೇ ಮರಳಿ ಕೇಳಿಸತೊಡಗಿತು. ಮೊಬೈಲಿಗೆ ತನ್ನ ಸ್ಪೀಕರಿನ ಸದ್ದನ್ನು ಸೋಸಿ ತೆಗೆಯಲು ಗೊತ್ತು, ಪಕ್ಕದ ಯಂತ್ರದ್ದು ಗೊತ್ತಿಲ್ಲ. ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಿಕ್ಕಿಸಿ ಒಂದೇ ಕಿವಿಗೆ ಇಟ್ಟುಕೊಂಡೆ. ಅಲ್ಲಿಗೆ ಮುಗಿಯಿತು. ಈ ಒಂದು ಜೋಡಣೆ ಗೊತ್ತಿಲ್ಲದೆ ಹಾಳೆಯ ಪದ್ಧತಿಯನ್ನೇ ಬೈದು ಬಿಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ.

ಮೊಬೈಲ್ ಹಿಡಿಯುವ ಬಗ್ಗುವ ಕತ್ತಿನ ಸ್ಟ್ಯಾಂಡನ್ನು ಮೇಜಿಗೆ ಬಿಗಿಯಬೇಡಿ. ಬರೆದಾಗಲೆಲ್ಲ ಮೇಜು ಅಲುಗಿ, ಚಿತ್ರವೂ ಅಲುಗಿ, ಫೋಕಸ್ ಹುಡುಕಾಟ ಶುರುವಾಗುತ್ತದೆ. ನಾನು ಕಿಟಕಿಯ ಸರಳಿಗೆ ಬಿಗಿದಿದ್ದೇನೆ. ತಲೆಯ ಮೇಲಿನ ದೀಪದಿಂದ ಮೊಬೈಲಿನ ನೆರಳು ಹಾಳೆಯ ಮೇಲೇ ಬೀಳುವುದರಿಂದ ಎಡಗಡೆ ಒಂದು ಟೇಬಲ್ ಲ್ಯಾಂಪ್ ಬೇಕು, ಎಡಗೈಯವರಾದರೆ ಬಲಗಡೆ. ಸೀಸದ ಕಡ್ಡಿಯ ಬರಹ ಕಾಣುವುದಿಲ್ಲ. ಒಂದು ಹಾಳೆಗೆ ಒಂದೇ ಕ್ರಿಯೆ, ಅಕ್ಷರ ದಪ್ಪ. ಕರೆ ಬಂದರೆ ಕ್ಯಾಮೆರಾ ನಿಲ್ಲಬಹುದು, ಆದ್ದರಿಂದ ಏರೋಪ್ಲೇನ್ ಮೋಡಿನಲ್ಲಿಟ್ಟು ವೈಫೈ ಮಾತ್ರ ತೆರೆದಿಡುತ್ತೇನೆ.

ಝೂಮ್‌ನ ಉಚಿತ ಖಾತೆಗೆ 40 ನಿಮಿಷದ ಮಿತಿ, ಗೂಗಲ್ ಮೀಟ್‌ನ ಉಚಿತ ಗುಂಪು ತರಗತಿಗೆ 60. ಒಂದು ಪಿರಿಯಡ್ಡಿಗೆ ಮೀಟ್ ಸಾಕು, ನನಗೆ ಅದೇ.

ಡೇಟಾ ಲೆಕ್ಕದಲ್ಲಿ ಹಾಳೆ ಸೋಲುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಬರೆದು ಪರದೆ ಹಂಚಿಕೊಂಡರೆ ಚಿತ್ರ ಹೆಚ್ಚು ಬದಲಾಗುವುದಿಲ್ಲ, ಡೇಟಾ ಕಡಿಮೆ, ಗೆರೆಯೂ ಚೂಪು. ಹಾಳೆಯದು ಪೂರ್ತಿ ವಿಡಿಯೊ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ ಸಂಜೆಯ ಹೊತ್ತಿಗೆ ಅದು ಉಳಿದಿರುವುದೇ ಅನುಮಾನ. ಅಂಥವರಿಗಾಗಿ ಪ್ರತಿ ಹಾಳೆ ಮುಗಿದ ಮೇಲೆ ಒಂದು ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ವಿಡಿಯೊ ಮಸುಕಾದರೂ ಅವರು ದನಿ ಕೇಳುತ್ತ ಫೋಟೊ ನೋಡಿಕೊಳ್ಳುತ್ತಾರೆ. ಇದು ಹೆಚ್ಚುವರಿ ಕೆಲಸ, ಸುಳ್ಳು ಹೇಳುವುದಿಲ್ಲ.

ಆದರೂ ಹಾಳೆಯೇ ಏಕೆಂದರೆ ಕೈ ಕಾಣುತ್ತದೆ. ಬಾಣ ಎಳೆಯುವ ಮೊದಲು ಪೆನ್ನಿನ ಮೊನೆಯನ್ನು ಬಂಧದ ಮೇಲೆ ಇಟ್ಟು ಒಂದು ಕ್ಷಣ ನಿಲ್ಲಿಸಿದರೆ, ಎಲೆಕ್ಟ್ರಾನ್ ಎಲ್ಲಿಂದ ಹೊರಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಸಣ್ಣ ಚುಕ್ಕೆಯೊಂದು ಅಲೆದಾಡುತ್ತದೆ, ಅದನ್ನು ಯಾರೂ ಹಿಂಬಾಲಿಸುವುದಿಲ್ಲ. ಮಾದರಿ ಕಿಟ್ಟಿನ ಚೆಂಡು ಕಡ್ಡಿಗಳನ್ನು ಅದೇ ಕ್ಯಾಮೆರಾದ ಕೆಳಗೆ ಹಿಡಿದು, ಹಿಂಬದಿಯ ದಾಳಿಯಲ್ಲಿ ಅಣು ಕೊಡೆಯಂತೆ ಮಗುಚಿಕೊಳ್ಳುವುದನ್ನೂ ತೋರಿಸಬಹುದು.

ವರ್ಷದ ಹನ್ನೆರಡು ತಿಂಗಳೂ ಗೌರವಧನ ಬಾರದ ನನ್ನಂಥವರು ಮೈಕು, ಸ್ಟ್ಯಾಂಡು, ಒಂದು ರೀಮ್ ಹಾಳೆಯಿಂದ ಶುರುಮಾಡಲಿ; ಮೂರೂ ಸೇರಿ ಟ್ಯಾಬ್ಲೆಟ್ಟಿನ ಅರ್ಧ ಬೆಲೆ ದಾಟಲಿಲ್ಲ. ಉದ್ದುದ್ದ ಸಮೀಕರಣ ಬಿಡಿಸುವ ಗಣಿತದವರು, ಸಿದ್ಧ ಪಿಡಿಎಫ್ ಮೇಲೆ ಗೀಚಿ ವಿವರಿಸುವವರು, ಮುಂಜಾನೆಯಿಂದಲೇ ಕೀಲಿಮಣೆಯ ಮುಂದೆ ಕೂರುವವರು ಪೆನ್ ಟ್ಯಾಬ್ಲೆಟ್ ಕೊಳ್ಳಬಹುದು. ನನ್ನದನ್ನು ನಾನೂ ಮಾರುವುದಿಲ್ಲ. ವಿದ್ಯಾರ್ಥಿಗಳು ಕಳುಹಿಸುವ ಅಸೈನ್‌ಮೆಂಟ್ ಪಿಡಿಎಫ್‌ಗಳ ಮೇಲೆ ಸರಿ, ತಪ್ಪು ಗುರುತು ಹಾಕಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ, ಆ ಕೆಲಸಕ್ಕೆ ಒತ್ತಕ್ಷರವೂ ಬೇಕಿಲ್ಲ.