ತಲೆಬುರುಡೆಯ ಅಚ್ಚಿಗೆ ಪ್ಲಾಟಿನಂ ಸಿಲಿಕೋನ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಗುರುತು ಸಿಗದ ಮೃತರ ಮುಖವನ್ನು ತಲೆಬುರುಡೆಯ ಆಧಾರದಲ್ಲಿ ಮರುರಚಿಸುವಾಗ ಜೇಡಿಮಣ್ಣು ಮೆತ್ತಬೇಕಾದದ್ದು ಬುರುಡೆಯ ಪ್ರತಿಯ ಮೇಲೆ, ಸಾಕ್ಷ್ಯವಾದ ಅಸಲಿ ಬುರುಡೆಯ ಮೇಲಲ್ಲ. ಆ ಪ್ರತಿಯ ಅಚ್ಚಿಗೆ ನಾವು ನೆಚ್ಚಿರುವುದು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಮೆದು ಪ್ಲಾಟಿನಂ ಸಿಲಿಕೋನ್; ಗಡಸುತನ ಶೋರ್ ಎ ಮಾಪಕದಲ್ಲಿ 15ರಿಂದ 20, ಎರಡು ಭಾಗಗಳನ್ನು 1:1 ಬೆರೆಸುವಂಥದ್ದು. ತವರದ ವೇಗವರ್ಧಕ ಬಳಸುವ ಟಿನ್ ಸಿಲಿಕೋನ್ ಅಗ್ಗ ನಿಜ, ಆದರೆ ಕಪಾಟಿನಲ್ಲಿಟ್ಟ ಅಚ್ಚು ಬರಬರುತ್ತಾ ಕುಗ್ಗುತ್ತದೆ. ಪ್ಲಾಟಿನಂ ಅಚ್ಚಿನ ಕುಗ್ಗುವಿಕೆ ಶೇ. 0.1ರ ಆಸುಪಾಸು. ಅದೇ ಅಚ್ಚಿನಿಂದ ಬಹಳ ಕಾಲದ ನಂತರ ತೆಗೆದ ಪ್ರತಿಯೂ ಕ್ಯಾಲಿಪರ್ ಅಳತೆಗೆ ಕೂಡಿಬರುತ್ತದೆ. ದುಬಾರಿ ಬೆಲೆಗೆ ಇದೊಂದೇ ಕಾರಣ ಸಾಕು.

ಪ್ಲಾಟಿನಂ ಸಿಲಿಕೋನ್‌ಗೆ ಗಂಧಕವೂ ತವರವೂ ಆಗದು. ಗಂಧಕ ಬೆರೆತ ಕ್ಲೇ, ಲೇಟೆಕ್ಸ್ ಗ್ಲೌಸ್, ಟಿನ್ ಸಿಲಿಕೋನ್ ಕಲಸಿದ್ದ ಬಟ್ಟಲು, ಯಾವುದು ತಾಗಿದರೂ ಆ ಜಾಗ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಆ ಅಂಟು ಮೂಳೆಯ ರಂಧ್ರಗಳಿಗೆ ಇಳಿದರೆ ಬಿಡಿಸುವುದು ಬಲು ಕಷ್ಟ. ನೈಟ್ರೈಲ್ ಗ್ಲೌಸ್ ಹಾಕಿ.

ಒಣಮೂಳೆ ಸಿಲಿಕೋನ್ ಎಣ್ಣೆಯನ್ನು ಹೀರಿ ಕಲೆಯಾಗುತ್ತದೆ. ಫೋಟೊ, ಅಳತೆ, ಸಿಟಿ ಸ್ಕ್ಯಾನ್, ಡಿಎನ್‌ಎ ಮಾದರಿ ಎಲ್ಲ ಮುಗಿದ ಮೇಲಷ್ಟೇ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಶೇ. 5ರ ದ್ರಾವಣವನ್ನು ಮೂಳೆಗೆ ತೆಳುವಾಗಿ ಬಳಿಯಬೇಕು. ಮುಂದೆ ಅದನ್ನು ಅಸಿಟೋನ್‌ನಿಂದಲೇ ತೆಗೆಯಬಹುದು.

ಮೂಳೆ ಮುರಿಯುವುದು ಹೆಚ್ಚಾಗಿ ಅಚ್ಚು ಬಿಡಿಸುವಾಗ. ಕೆನ್ನೆಮೂಳೆಯ ಕಮಾನಿನ ಹಿಂದೆ ಸಿಲಿಕೋನ್ ಹರಿದು ಗಟ್ಟಿಯಾದರೆ ಅದೇ ಬೀಗ. ಎಳೆದರೆ ಕಮಾನೇ ಹೋಗುತ್ತದೆ. ಆ ಸಂದು, ಮೂಗಿನ ಕುಳಿ, ಕಣ್ಣುಗೂಡಿನ ಬಿರುಕುಗಳು, ಬುಡದ ದೊಡ್ಡ ರಂಧ್ರ, ಎಲ್ಲವನ್ನೂ ಗಂಧಕವಿಲ್ಲದ ಕ್ಲೇಯಿಂದ ತುಂಬಿ. ಕಣ್ಣುಗೂಡಿನ ಒಳಗೋಡೆ ಕಾಗದದಷ್ಟು ತೆಳು, ಅಲ್ಲಿ ಹತ್ತಿ ಇಟ್ಟು ಮೇಲೆ ಮಾತ್ರ ಕ್ಲೇ. ಕೆಳದವಡೆಗೆ ಬೇರೆಯೇ ಅಚ್ಚು.

ಮೊದಲ ಪದರವನ್ನು ಬ್ರಷ್‌ನಿಂದ ತೆಳುವಾಗಿ ಬಳಿಯಿರಿ. ಮೂಳೆಯ ಮೇಲಿನ ಕತ್ತಿಯ ಗೀರು ಅಚ್ಚಿನಲ್ಲಿ ಮೂಡುವುದೂ ಗುಳ್ಳೆ ಉಳಿಯುವುದೂ ಇಲ್ಲೇ. ಮೇಲಿನ ಪದರಗಳು ಸೇರಿ ಸುಮಾರು 8 ಮಿ.ಮೀ. ಬಂದರೆ ಸಾಕು, ಅದರ ಮೇಲೆ ಪ್ಲಾಸ್ಟರ್ ಕವಚ. ಎರಡನೇ ಅರ್ಧ ಸುರಿಯುವ ಮೊದಲು ಅಂಚಿಗೆ ಪೆಟ್ರೋಲಿಯಂ ಜೆಲ್ಲಿ ಸವರದಿದ್ದರೆ ಎರಡೂ ಭಾಗ ಒಂದಾಗಿಬಿಡುತ್ತವೆ. ಸೆಕೆಯಲ್ಲಿ ಸಿಲಿಕೋನ್ ಬೆರೆಸಿದ ಮೇಲೆ ಕೈಗೆ ಸಿಗುವ ಸಮಯವೂ ಬಹಳ ಕಡಿಮೆ, ಡಬ್ಬಿಗಳನ್ನು ತಂಪಾಗಿಡಿ.

ಎರಕಕ್ಕೆ ಪಾಲಿಯುರೆಥೇನ್ ರಾಳ ಒಳ್ಳೆಯದು, ಆದರೆ ತೇವ ತಾಗಿದರೆ ನೊರೆಗಟ್ಟುತ್ತದೆ. ಪ್ರತಿ ಹೊರಬಂದ ಕೂಡಲೇ ಎರಡು ಕೆನ್ನೆಕಮಾನುಗಳ ನಡುವಿನ ಅಗಲವನ್ನು ಅಸಲಿಯೊಡನೆ ಹೋಲಿಸಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಕವಚ ಸರಿಯಾಗಿ ಕೂತಿದೆಯೇ ನೋಡಿ.

ಸುಟ್ಟ ಬುರುಡೆಗೆ ಮಾತ್ರ ಇದನ್ನು ಮುಟ್ಟಿಸಲೇಬೇಡಿ. ಅಲ್ಲಿ ಸಿಟಿ ಸ್ಕ್ಯಾನ್, ತ್ರಿಡಿ ಪ್ರಿಂಟ್ ಸರಿಯಾದ ದಾರಿ.